ಮರದ ಬಟ್ಟಲು ಕಡೆಯುವಾಗ ಮೈದಪ್ಪವನ್ನೂ ಆಕಾರವನ್ನೂ ನಿರ್ಧರಿಸುವುದು ಹೇಗೆ?

ತೋಟದಮನೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಫಿ ತೋಟದಲ್ಲಿ ಮರಗಸಿಯ ವೇಳೆ ಕಡಿಸಿದ ಸಿಲ್ವರ್ ಓಕ್ ದಿಮ್ಮಿಗಳೂ ಮಳೆಗಾಲದ ಗಾಳಿಗೆ ಉರುಳಿದ ಹಳೆಯ ಹಲಸಿನ ಮರದ ಕಾಂಡವೂ ನನ್ನ ಬಳಿ ಇವೆ. ಎರಡೂ ಇನ್ನೂ ಹಸಿಯಾಗಿವೆ. ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ಇರಿಸಿದ್ದೇನೆ. 12 ಅಂಗುಲ ವ್ಯಾಸದವರೆಗಿನ ಮರವನ್ನು ತಿರುಗಿಸಬಲ್ಲ ಲೇತ್, ಮರವನ್ನು ನಾಲ್ಕು ದವಡೆಗಳಿಂದ (ಜಾ) ಕಚ್ಚಿ ಹಿಡಿಯುವ ಫೋರ್ ಜಾ ಚಕ್ ಮತ್ತು ಬಟ್ಟಲು ಕಡೆಯುವ ಎರಡು ದೋಣಿಬಾಯಿಯ ಉಳಿಗಳು (ಬೌಲ್ ಗೌಜುಗಳು) ಇವೆ. ಕುಂಕುಮದ ಭರಣಿ, ಅಂಗೈಯಗಲದ ಬಟ್ಟಲು ಮುಂತಾದವುಗಳನ್ನು ಕಡೆದು ಅಭ್ಯಾಸವಾಗಿದೆ. ಈಗ 10 ಅಂಗುಲ ಬಾಯಿಯ, ಕೋಸಂಬರಿ ಕಲಸಲು ಮತ್ತು ಹಣ್ಣು ಇಡಲು ಅಡುಗೆಮನೆಯಲ್ಲಿ ದಿನವೂ ಬಳಸುವಂಥ ಬಟ್ಟಲುಗಳನ್ನು ಮಾಡಬೇಕೆಂದಿದ್ದೇನೆ.

ಬಟ್ಟಲಿನ ಮೈ ಎಷ್ಟು ದಪ್ಪ ಇರಬೇಕೆಂಬ ಬಗ್ಗೆ ಓದಿದಷ್ಟೂ ಬೇರೆ ಬೇರೆ ಅಳತೆಗಳು ಸಿಗುತ್ತವೆ. ವ್ಯಾಸದ ಹತ್ತನೆಯ ಒಂದು ಭಾಗ ಇರಲಿ ಎಂದು ಕೆಲವರು, 8ರಿಂದ 10 ಮಿ.ಮೀ. ಸಾಕು ಎಂದು ಕೆಲವರು, 3 ಮಿ.ಮೀ.ಗೆ ಇಳಿಸಿದರೆ ಮಾತ್ರ ಕೈಚಳಕ ಕಾಣುತ್ತದೆ ಎಂದು ಇನ್ನು ಕೆಲವರು ಬರೆಯುತ್ತಾರೆ. ಹೀಗೆ ಬರೆದವರಲ್ಲಿ ಹೆಚ್ಚಿನವರು ಚಳಿ ದೇಶಗಳವರು. ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವಷ್ಟು ಉಬ್ಬಿ, ಫಾಲ್ಗುಣದ ಹೊತ್ತಿಗೆ ಅದೇ ಬಾಗಿಲಿನ ಹಲಗೆಗಳ ನಡುವೆ ಸಂದು ಬಿಡುವ ನಮ್ಮ ಸೀಮೆಯ ಮರಕ್ಕೆ ಈ ಅಳತೆಗಳು ಹೊಂದುತ್ತವೆಯೇ ಎಂಬುದು ನನ್ನ ಮೊದಲ ಸಂಶಯ. ದಪ್ಪವನ್ನು ಮೊದಲು ನಿಶ್ಚಯಿಸಿ ಅದಕ್ಕೆ ತಕ್ಕ ಆಕಾರ ಕೊಡಬೇಕೋ, ಆಕಾರವನ್ನು ನಿಶ್ಚಯಿಸಿದ ಮೇಲೆ ದಪ್ಪವನ್ನು ಆಲೋಚಿಸಬೇಕೋ ಎಂಬುದು ಎರಡನೆಯದು. ಲೇತ್ ಮೇಲೆ ಮರ ಏರಿಸುವ ಮೊದಲೇ ಇದನ್ನು ತಿಳಿದುಕೊಂಡಿರಬೇಕು ಎನಿಸಿತು. ಅನುಭವಸ್ಥರು ದಯವಿಟ್ಟು ತಿಳಿಸಿಕೊಡಿ.

ಚೇಗು (ಚಿಕ್ಕಮಗಳೂರು)

ತೋಟದಮನೆಯವರೇ, ನೀವು ಓದಿದ ಅಳತೆಗಳು ಒಂದಕ್ಕೊಂದು ವಿರುದ್ಧವಾಗಿಲ್ಲ. ಹತ್ತನೆಯ ಒಂದು ಭಾಗ ಎಂಬುದು ಹಸಿಮರವನ್ನು ಮೊದಲ ಸಲ ಒರಟಾಗಿ ಕಡೆದು ಒಣಗಲು ಇಡುವಾಗ ಉಳಿಸಿಕೊಳ್ಳಬೇಕಾದ ದಪ್ಪ. 8ರಿಂದ 10 ಮಿ.ಮೀ. ಎಂಬುದು ಅದೇ ಬಟ್ಟಲನ್ನು ಒಣಗಿದ ಮೇಲೆ ಮತ್ತೆ ಏರಿಸಿ ಕಡೆದು ಮುಗಿಸಿದಾಗ ಬಳಕೆಗೆ ಒದಗುವ ದಪ್ಪ. 3 ಮಿ.ಮೀ. ನೋಡುವುದಕ್ಕಾಗಿಯೇ ಮಾಡುವ ಬಟ್ಟಲಿನದು. ಆದ್ದರಿಂದ ಒಂದೇ ಬಟ್ಟಲಿಗೆ ನೀವು ಎರಡು ಸಲ, ಎರಡು ಬೇರೆ ಕಾರಣಗಳಿಗಾಗಿ ದಪ್ಪವನ್ನು ನಿರ್ಧರಿಸಬೇಕಾಗುತ್ತದೆ.

ಮೊದಲ ಸಲದ ದಪ್ಪಕ್ಕೆ ಕಾರಣ ಮರ ಕುಗ್ಗುವ ರೀತಿ. ಮರವು ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಅದರಲ್ಲೂ ವರ್ಷದ ಬಳೆಗಳ ಗುಂಟ ಆಗುವ ಕುಗ್ಗುವಿಕೆಯು ನಡುವಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು ಇರುತ್ತದೆ. ಹಾಗಾಗಿ ಹಸಿಯಾಗಿದ್ದಾಗ ಚೆನ್ನಾಗಿ ದುಂಡಗಿದ್ದ ಬಟ್ಟಲು ಒಣಗಿದಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 250 ಮಿ.ಮೀ. ಅಗಲದ ಬಟ್ಟಲನ್ನು 25 ಮಿ.ಮೀ. ಮೈದಪ್ಪ ಉಳಿಸಿ ಕಡೆದಿದ್ದೀರಿ, ಅದು ಅಡ್ಡಲಾಗಿ ಶೇ. 5ರಷ್ಟು ಕುಗ್ಗಿತು ಎಂದಿಟ್ಟುಕೊಳ್ಳಿ. ಹೊರಗಿನ ಅಗಲ ಎಳೆಯ ಉದ್ದಕ್ಕೆ 250 ಆಗಿಯೇ ಉಳಿದು ಅಡ್ಡಲಾಗಿ 237.5 ಮಿ.ಮೀ.ಗೆ ಬರುತ್ತದೆ, ಒಳಗಿನ ಅಗಲ ಒಂದು ಕಡೆ 200, ಇನ್ನೊಂದು ಕಡೆ 190 ಆಗುತ್ತದೆ. ಇದನ್ನು ಮತ್ತೆ ದುಂಡಗೆ ಮಾಡಬೇಕಾದರೆ ಹೊರಗೆ ಚಿಕ್ಕ ಅಗಲಕ್ಕೂ ಒಳಗೆ ದೊಡ್ಡ ಅಗಲಕ್ಕೂ ಹೊಂದಿಸಬೇಕು. ಆಗ ಸುತ್ತಲೂ ಸಮನಾಗಿ ಉಳಿಯುವುದು ಹೆಚ್ಚೆಂದರೆ 18.75 ಮಿ.ಮೀ. ಅದೇ ಬಟ್ಟಲನ್ನು ಆಸೆಪಟ್ಟು ಮೊದಲೇ 12 ಮಿ.ಮೀ.ಗೆ ಇಳಿಸಿದ್ದರೆ ಕೊನೆಗೆ ಕೈಗೆ ಸಿಗುವುದು 5.75 ಮಿ.ಮೀ. ಮಾತ್ರ; ಅದರಲ್ಲಿಯೇ ಉಳಿಯ ಗುರುತುಗಳನ್ನು ತೆಗೆಯಬೇಕು, ಉಜ್ಜಬೇಕು. ಮರ ಶೇ. 8ರಷ್ಟು ಕುಗ್ಗಿದರೆ 25 ಮಿ.ಮೀ. ಉಳಿಸಿದ ಬಟ್ಟಲಿನಲ್ಲಿ 15 ಮಿ.ಮೀ. ಉಳಿಯುತ್ತದೆ, 12 ಮಿ.ಮೀ. ಉಳಿಸಿದ್ದರಲ್ಲಿ 2 ಮಿ.ಮೀ. ಉಳಿಯುತ್ತದೆ. ಹತ್ತನೆಯ ಒಂದು ಭಾಗ ಎಂಬ ರೂಢಿಯ ಅಳತೆ ಹುಟ್ಟಿರುವುದು ಈ ಲೆಕ್ಕದಿಂದ, ಮತ್ತು ನಮ್ಮ ಮರಗಳಿಗೂ ಅದು ಹೊಂದುತ್ತದೆ.

ಹಾಗಾದರೆ ಇನ್ನಷ್ಟು ದಪ್ಪವಾಗಿ ಬಿಟ್ಟರೆ ಇನ್ನೂ ಕ್ಷೇಮವಲ್ಲವೇ ಎಂದು ಕೇಳಬಹುದು. ಕ್ಷೇಮವಲ್ಲ. ದಪ್ಪ ಎರಡರಷ್ಟಾದರೆ ಒಣಗುವ ಕಾಲ ಸುಮಾರು ನಾಲ್ಕರಷ್ಟಾಗುತ್ತದೆ. ಅಷ್ಟು ಕಾಲ ಹೊರಮೈ ಒಣಗಿ ಕುಗ್ಗಲು ಹವಣಿಸುತ್ತಿದ್ದರೆ ಒಳಗಿನ ಹಸಿಭಾಗ ಅದನ್ನು ಕುಗ್ಗಲು ಬಿಡುವುದಿಲ್ಲ, ಆ ಸೆಳೆತದಲ್ಲಿ ಮೇಲ್ಮೈ ಸೀಳುತ್ತದೆ. ಒಂದೇ ಬಟ್ಟಲಿನಲ್ಲಿ ಅಂಚು 15 ಮಿ.ಮೀ., ತಳದ ಮೂಲೆ 35 ಮಿ.ಮೀ. ಇದ್ದರೂ ಇದೇ ಆಗುತ್ತದೆ: ಅಂಚು ಮೊದಲು ಒಣಗಿ, ತಳ ಹಸಿಯಾಗಿಯೇ ಉಳಿದು, ಎರಡರ ನಡುವೆ ಬಿರುಕು ಬಿಡುತ್ತದೆ. ಆದ್ದರಿಂದ ಒರಟು ಕಡೆತದಲ್ಲಿ ದಪ್ಪ ಎಷ್ಟು ಎಂಬುದಕ್ಕಿಂತ ಅದು ಅಂಚಿನಿಂದ ತಳದವರೆಗೆ ಒಂದೇ ಸಮನಾಗಿದೆಯೇ ಎಂಬುದು ದೊಡ್ಡ ಪ್ರಶ್ನೆ. 22 ಇರಲಿ, 27 ಇರಲಿ, ಎಲ್ಲೆಡೆಯೂ ಅಷ್ಟೇ ಇರಲಿ.

ಇನ್ನು ನಮ್ಮ ಹವೆಯ ವಿಷಯ. ಗಾಳಿಯಲ್ಲಿ ತೇವಾಂಶ ಶೇ. 90ರಷ್ಟು ನೆಲೆನಿಂತಾಗ ಮರದೊಳಗಿನ ನೀರು ಅದರ ಒಣತೂಕದ ಸುಮಾರು ಶೇ. 20ರಷ್ಟಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವಾಂಶ ಶೇ. 50 ಇದ್ದಾಗ ಸುಮಾರು ಶೇ. 9ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಒಣಗಿದಂತೆ ಕಂಡ ಬಟ್ಟಲು ನಿಜವಾಗಿ ಅರ್ಧ ದಾರಿಯಲ್ಲಿ ನಿಂತಿರುತ್ತದೆ ಎಂದು ಇದರ ಅರ್ಥ. ಆಗ ಅದನ್ನು ಕಡೆದು ಮುಗಿಸಿದರೆ ಬೇಸಿಗೆಯಲ್ಲಿ, ಅಥವಾ ಬಯಲುಸೀಮೆಯ ನೆಂಟರ ಮನೆಗೆ ಹೋದಾಗ, ಅದು ಮತ್ತೆ ಕುಗ್ಗಿ ಸೊಟ್ಟಗಾಗುತ್ತದೆ. ಮಲೆನಾಡಿನಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಒರಟು ಕಡೆತ ಮುಗಿಸಿ, ಇಬ್ಬನಿಯ ತಿಂಗಳುಗಳಲ್ಲಿ ನಿಧಾನವಾಗಿ ಒಣಗಲು ಬಿಟ್ಟು, ಮಾರ್ಚ್-ಏಪ್ರಿಲ್‌ನಲ್ಲಿ ಎರಡನೆಯ ಸಲ ಕಡೆಯುವುದು ಒಳ್ಳೆಯ ಕ್ರಮ ಎಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಮುಗಿಸಿದ ಬಟ್ಟಲು ಮಳೆಗಾಲದಲ್ಲಿ ತುಸು ಹಿಗ್ಗುತ್ತದೆ, ಆದರೆ ಹಿಗ್ಗುವ ಮರ ಸೀಳುವುದಿಲ್ಲ. ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು: ಬಟ್ಟಲಿನ ತಳದಲ್ಲಿ ದಿನಾಂಕ ಮತ್ತು ತೂಕವನ್ನು ಪೆನ್ಸಿಲಿನಿಂದ ಬರೆಯುತ್ತ ಹೋಗಿ, ಒಣಹವೆಯಲ್ಲಿ ತೂಕ ಇಳಿಯುವುದು ನಿಂತಾಗ ಅದು ಸಿದ್ಧವಾಗಿದೆ.

ನಿಮ್ಮ ಎರಡು ಮರಗಳ ಬಗ್ಗೆ ಒಂದೊಂದು ಮಾತು. ಹಲಸಿನ ಹಳದಿ ಚೇಗನ್ನೇ, ಅಂದರೆ ಕಾಂಡದ ಒಳಗಿನ ಗಟ್ಟಿಮರವನ್ನೇ, ಬಳಸಿ. ಬಿಳಿಭಾಗಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ. ಆ ಹಳದಿ ಬೆಳಕಿಗೆ ಕ್ರಮೇಣ ಕಂದಾಗುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಸಿಲ್ವರ್ ಓಕ್‌ನ ಹುಡಿಯಿಂದ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ, ಮಾಸ್ಕ್ ಮತ್ತು ಉದ್ದ ತೋಳಿನ ಅಂಗಿ ಇರಲಿ. ಎರಡರಲ್ಲಿಯೂ ಕಾಂಡದ ನಟ್ಟನಡುವಿನ ತಿರುಳನ್ನು ಬಟ್ಟಲಿನೊಳಗೆ ಉಳಿಸಬೇಡಿ. ದಪ್ಪ ಎಷ್ಟೇ ಸರಿಯಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಕಂಬಸಾಲು (ಹಾಸನ)

ಚೇಗು ಅವರು ಒಣಗಿಸುವ ದಪ್ಪವನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟಿರುವುದರಿಂದ ನಾನು ಆಕಾರದ ಬಗ್ಗೆಯಷ್ಟೇ ಬರೆಯುತ್ತೇನೆ. ನಿಮ್ಮ ಎರಡನೆಯ ಸಂಶಯಕ್ಕೆ ನನ್ನ ಉತ್ತರ ನೇರವಾಗಿದೆ: ಹೊರಮೈಯ ಬಾಗು ಮೊದಲು, ದಪ್ಪ ಆಮೇಲೆ. ಹೊರಗಿನ ರೇಖೆಯನ್ನು ಪೂರ್ತಿಗೊಳಿಸಿ, ಅದರಲ್ಲಿ ತಿದ್ದುವುದು ಏನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗನ್ನು ತೋಡಲು ಆರಂಭಿಸಬೇಕು. ಒಳಗಿನ ಕೆಲಸವೆಂದರೆ ಹೊರಗಿನ ರೇಖೆಯನ್ನು ಒಂದೇ ದೂರದಲ್ಲಿ ಹಿಂಬಾಲಿಸುವುದು, ಅಷ್ಟೆ. ಹೊರಗಿನ ಬಾಗಿನಲ್ಲಿ ಒಂದು ಕಡೆ ಚಪ್ಪಟೆಯೋ ಉಬ್ಬೋ ಉಳಿದಿದ್ದರೆ ಒಳಗನ್ನು ಎಷ್ಟು ನಯವಾಗಿ ಕಡೆದರೂ ಆ ಜಾಗದಲ್ಲಿ ದಪ್ಪ ಏರುಪೇರಾಗಿಯೇ ತೀರುತ್ತದೆ. ಆದ್ದರಿಂದ ದಪ್ಪ ಸಮನಾಗಿಲ್ಲ ಎಂಬ ದೂರಿನ ಮೂಲ ಬಹಳ ಸಲ ಹೊರಗಿನ ಆಕಾರದಲ್ಲಿ ಇರುತ್ತದೆ.

ಒಳ್ಳೆಯ ಬಾಗು ಯಾವುದು ಎಂದು ಕಲಿಯಲು ನಮ್ಮ ಜಿಲ್ಲೆಗಳಲ್ಲಿ ಇರುವಷ್ಟು ಮಾದರಿಗಳು ಬೇರೆಡೆ ಕಡಿಮೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ, ಹಳೇಬೀಡಿನಲ್ಲಿ, ಅಲ್ಲಿಂದ ಸ್ವಲ್ಪ ದೂರದ ಬೆಳವಾಡಿಯ ವೀರನಾರಾಯಣ ದೇವಾಲಯದಲ್ಲಿ ನಿಂತಿರುವ ಕಡೆದ ಕಂಬಗಳು ಬಳಪದ ಕಲ್ಲಿನವಾದರೂ, ತಿರುಗುವ ವಸ್ತುವಿನ ಮೇಲೆ ಉಳಿ ಹಿಡಿದವರಿಗೆ ಅವು ಪಾಠವೇ. ಬೆಳವಾಡಿಯ ಮಂಟಪದಲ್ಲಿ ಬೆಳಕಿಗೆ ಎದುರಾಗಿ ನಿಂತು ಕಂಬಗಳ ಅಂಚಿನ ರೇಖೆಯನ್ನು ಮಾತ್ರ ನೋಡಿ. ಗಂಟೆಯಾಕಾರದ ಭಾಗದಲ್ಲಿ ಬಾಗು ಹೊರಟಲ್ಲಿಂದ ಮುಗಿಯುವವರೆಗೆ ಎಲ್ಲಿಯೂ ನಿಂತು ಅನುಮಾನಿಸುವುದಿಲ್ಲ. ಬೇರೆ ಬಾಗು ಆರಂಭವಾಗಬೇಕಾದಲ್ಲಿ ಒಂದು ಚೂಪಾದ ಗೆರೆ ಬಂದು ಹಿಂದಿನದನ್ನು ಮುಗಿಸುತ್ತದೆ. ಬಟ್ಟಲಿನಲ್ಲಿಯೂ ಇದೇ ನಿಯಮ. ಪಾದದಿಂದ ಅಂಚಿನವರೆಗೆ ಒಂದೇ ಬಾಗು ಇದ್ದರೆ ಅದು ತಡೆಯಿಲ್ಲದೆ ಸಾಗಲಿ. ಎರಡು ಬಾಗುಗಳಿದ್ದರೆ ಅವು ಸೇರುವ ಜಾಗ ಗಟ್ಟಿ ಮನಸ್ಸಿನಿಂದ ಹಾಕಿದ ಗೆರೆಯಾಗಿರಲಿ. ಎರಡರ ನಡುವಿನ ಅಸ್ಪಷ್ಟತೆಯೇ ಬಟ್ಟಲನ್ನು ಭಾರವಾಗಿ ಕಾಣಿಸುವುದು.

ಕಾಗದದ ಮೇಲೆ ಬಾಗನ್ನು ಬರೆಯಲು ಕಷ್ಟವಾದರೆ ಒಂದು ತೆಳುವಾದ ಸರವನ್ನು ಎರಡು ಮೊಳೆಗಳಿಂದ ಗೋಡೆಗೆ ತೂಗುಹಾಕಿ. ಮೊಳೆಗಳ ನಡುವಿನ ಅಂತರ ಬಟ್ಟಲಿನ ಬಾಯಿಯ ಅಗಲ. ಸರ ಇಳಿಬಿದ್ದ ಆಳ ಬಟ್ಟಲಿನ ಆಳ. ಸರವನ್ನು ಉದ್ದ ಮಾಡಿದರೆ ಆಳವಾದ ಬಟ್ಟಲಿನ ರೇಖೆ, ಗಿಡ್ಡ ಮಾಡಿದರೆ ತಟ್ಟೆಯಂಥ ಬಟ್ಟಲಿನ ರೇಖೆ ತಾನಾಗಿ ಸಿಗುತ್ತದೆ. ಅದರಲ್ಲಿ ಚಪ್ಪಟೆಯಾದ ಜಾಗ ಇರಲು ಸಾಧ್ಯವೇ ಇಲ್ಲ, ಏಕೆಂದರೆ ಸರದ ಪ್ರತಿಯೊಂದು ಕೊಂಡಿಯೂ ತನ್ನ ಕೆಳಗಿನ ಭಾರಕ್ಕೆ ತಕ್ಕಂತೆ ತಾನೇ ಬಾಗಿಕೊಂಡಿರುತ್ತದೆ. ಆ ರೇಖೆಯನ್ನು ರಟ್ಟಿನ ಮೇಲೆ ಎಳೆದು ಕತ್ತರಿಸಿ ಅಚ್ಚು ಮಾಡಿಕೊಂಡರೆ ಲೇತ್ ನಿಲ್ಲಿಸಿ ಆಗಾಗ ಹಿಡಿದು ನೋಡಬಹುದು. ಕಣ್ಣಿಗಿಂತ ಅಂಗೈ ಹೆಚ್ಚು ಸೂಕ್ಷ್ಮ ಎಂಬುದನ್ನೂ ಮರೆಯಬೇಡಿ. ಲೇತ್ ನಿಂತ ಮೇಲೆ ಕಣ್ಣು ಮುಚ್ಚಿ, ಪಾದದಿಂದ ಅಂಚಿಗೆ ಅಂಗೈ ಎಳೆದರೆ ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ.

ಪಾದದ ಅಗಲ ಬಾಯಿಯ ಅಗಲದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಇದ್ದರೆ ಬಟ್ಟಲು ನೆಲದಿಂದ ಎದ್ದು ನಿಂತಂತೆ ಕಾಣುತ್ತದೆ. ನಿಮ್ಮ 250 ಮಿ.ಮೀ. ಬಟ್ಟಲಿಗೆ ಅದು ಸುಮಾರು 83 ಮಿ.ಮೀ. ಒಂದೇ ಕೈಯಲ್ಲಿ ಸೌಟು ಹಿಡಿದು ಕಲಸುವಾಗ ಬಟ್ಟಲು ವಾಲಬಾರದು, ಹಾಗಾಗಿ ಕೋಸಂಬರಿಯ ಬಟ್ಟಲಿಗೆ 100 ಮಿ.ಮೀ.ವರೆಗೆ ಹೋಗಬಹುದು. ಅರ್ಧದಷ್ಟು ಮಾಡಿದರೆ ಮಾತ್ರ ಪಕ್ಕದ ಬಾಗು ನೆಟ್ಟಗಾಗಿ, ತಳ ಸೇರುವ ಮೂಲೆ ಬಿಗಿಯಾಗಿ, ಒಳಗೆ ಉಳಿ ಓಡಲು ಜಾಗವೇ ಸಿಗುವುದಿಲ್ಲ. ಆಕಾರದ ಬಗ್ಗೆ ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ: ಹೊರಗೆ ಕಡೆಯಲು ಸುಲಭವಾದ ಎಷ್ಟೋ ಆಕಾರಗಳನ್ನು ಒಳಗೆ ಸಮದಪ್ಪದಲ್ಲಿ ಹಿಂಬಾಲಿಸಲು ಆಗುವುದಿಲ್ಲ.

ಅಂಚಿನ ವಿಷಯ ಒಂದು ಉಳಿಯಿತು. ನೋಡುವವರು ಬಟ್ಟಲಿನ ದಪ್ಪವನ್ನು ಅಂಚಿನಿಂದಲೇ ಅಳೆಯುತ್ತಾರೆ, ಏಟು ತಿನ್ನುವುದೂ ಅಂಚೇ. ಮೈ 8 ಮಿ.ಮೀ. ಇದ್ದರೆ ಅಂಚನ್ನು 9 ಮಿ.ಮೀ. ಬಿಟ್ಟು, ಮೇಲ್ಭಾಗವನ್ನು ಒಳಮುಖವಾಗಿ ತುಸು ಇಳಿಜಾರು ಮಾಡಿ, ಎರಡೂ ಕೊನೆಗಳ ಚೂಪನ್ನು ಮುರಿಯಿರಿ. ಹಾಗೆ ಮಾಡಿದ ಅಂಚು ಕಣ್ಣಿಗೆ ತೆಳುವಾಗಿಯೇ ಕಾಣುತ್ತದೆ, ಕೈಗೆ ಚುಚ್ಚುವುದಿಲ್ಲ, ಬೇಗ ಚಕ್ಕೆ ಏಳುವುದಿಲ್ಲ.

ತೋಟದಮನೆ (ಸಕಲೇಶಪುರ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕುಗ್ಗುವಿಕೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ. ಹತ್ತನೆಯ ಒಂದು ಭಾಗ ಯಾಕೆ ಎಂಬುದು ಈಗ ಮನವರಿಕೆಯಾಯಿತು. ಬೆಳವಾಡಿಗೆ ಹಿಂದೆ ಹೋಗಿದ್ದೆ, ಕಂಬಗಳನ್ನು ಈ ದೃಷ್ಟಿಯಿಂದ ನೋಡಿರಲಿಲ್ಲ.

ಇನ್ನೊಂದು ವಿಷಯ ಕೇಳಬೇಕಾಗಿದೆ. ಅಂಚಿನ ಬಳಿ ದಪ್ಪವನ್ನು ಅಳೆಯುವುದು ಸುಲಭ, ಆದರೆ ಪಕ್ಕವು ತಳಕ್ಕೆ ತಿರುಗುವ ಜಾಗದಲ್ಲಿ ಹಾಗೂ ನಡುತಳದಲ್ಲಿ ಎಷ್ಟು ಮರ ಉಳಿದಿದೆ ಎಂದು ಕೆಲಸದ ನಡುವೆ ತಿಳಿಯುವುದು ಹೇಗೆ? ಮುಗಿಸಿದ ಬಟ್ಟಲಿನ ಮೈ ಅಂಚಿನಿಂದ ತಳದವರೆಗೆ ಪೂರ್ತಿ ಒಂದೇ ದಪ್ಪ ಇರಬೇಕೇ?

ಬಾಚಿ-ಉಳಿ (ಬೇಲೂರು)

ಸ್ವಾಮಿ, ನೀವು ಕೇಳಿದ ಆ ತಿರುಗುವ ಜಾಗವೇ ಇಡೀ ಕೆಲಸದ ಮರ್ಮ. ಬಹಳಷ್ಟು ಬಟ್ಟಲುಗಳಲ್ಲಿ ಅಂಚು 7 ಮಿ.ಮೀ., ನಡುತಳ 9 ಮಿ.ಮೀ. ಇದ್ದು, ನಡುವಿನ ಆ ಮೂಲೆಯಲ್ಲಿ ಮಾತ್ರ 15 ಮಿ.ಮೀ. ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಎತ್ತಿದಾಗ ಕೈಗೆ ತಿಳಿಯುತ್ತದೆ.

ಅಲ್ಲಿ ಮರ ಉಳಿಯಲು ಉಪಕರಣವೇ ಕಾರಣ. ಗೌಜಿನ ಮಸೆದ ಇಳಿಜಾರು ಮರಕ್ಕೆ ತಾಗಿಕೊಂಡು ಸಾಗಿದಾಗಲೇ ಕಡಿತ ನಯವಾಗಿ ಬರುವುದು. 40ರಿಂದ 45 ಡಿಗ್ರಿಗೆ ಮಸೆದ ಗೌಜು ಪಕ್ಕದ ಗೋಡೆಯಲ್ಲಿ ಚೆನ್ನಾಗಿ ಸಾಗುತ್ತದೆ, ಆದರೆ ತಳಕ್ಕೆ ತಿರುಗುವಲ್ಲಿ ಅದರ ಹಿಡಿ ಬಟ್ಟಲಿನ ಅಂಚಿಗೆ ತಾಗಿ, ಇಳಿಜಾರು ಮರದಿಂದ ಬೇರ್ಪಟ್ಟು ನಡುಗಲು ತೊಡಗುತ್ತದೆ. ಕೈ ಹೆದರಿ ಅಲ್ಲಿಗೆ ನಿಲ್ಲಿಸುತ್ತದೆ, ಮರ ಉಳಿಯುತ್ತದೆ. ನಿಮ್ಮ ಬಳಿ ಎರಡು ಗೌಜುಗಳಿವೆಯಲ್ಲ, ಒಂದನ್ನು ಹಾಗೆಯೇ ಇಟ್ಟುಕೊಂಡು ಇನ್ನೊಂದನ್ನು 60ರಿಂದ 70 ಡಿಗ್ರಿಗೆ ಮೊಂಡಾಗಿ ಮಸೆಯಿರಿ. ಮೊದಲನೆಯದು ಗೋಡೆಗೆ, ಎರಡನೆಯದು ತಿರುವಿಗೆ ಮತ್ತು ತಳಕ್ಕೆ. ಕಂಬಸಾಲು ಅವರು ಹೇಳಿದಂತೆ ಪಾದ ಚಿಕ್ಕದಾಗಿ ಬಾಗು ಸಡಿಲವಾಗಿದ್ದರೆ ಆ ತಿರುವು ತಾನಾಗಿಯೇ ಸೌಮ್ಯವಾಗುತ್ತದೆ.

ನಡುತಳಕ್ಕೆ ಡ್ರಿಲ್ ಬಿಟ್ ಬಳಸಿ. ಮೇಲಂಚಿನಿಂದ ಪಾದ ಮುಗಿಯುವ ಗೆರೆಯವರೆಗಿನ ಎತ್ತರವನ್ನು ಅಳೆಯಿರಿ, ಚಕ್ ಹಿಡಿಯಲೆಂದು ಪಾದದ ಕೆಳಗೆ ಬಿಟ್ಟ ಗಿಡ್ಡ ದುಂಡು ಭಾಗವನ್ನು (ಮುಟ್ಟು) ಅದರಲ್ಲಿ ಸೇರಿಸಬೇಡಿ. ಆ ಎತ್ತರ 90 ಮಿ.ಮೀ. ಇದ್ದು ತಳ 10 ಮಿ.ಮೀ. ಬೇಕಾದರೆ, ಬಿಟ್‌ನ ಮೇಲೆ 80 ಮಿ.ಮೀ.ಗೆ ಟೇಪ್ ಸುತ್ತಿ ನಟ್ಟನಡುವೆ ಅಷ್ಟು ಆಳ ಕೊರೆಯಿರಿ. ಒಳಗನ್ನು ತೋಡುತ್ತ ಆ ತೂತು ಮಾಯವಾದಾಗ ತಳ ಬಂದಿದೆ ಎಂದು ತಿಳಿಯುತ್ತದೆ. ಪಕ್ಕಕ್ಕೆ ಮತ್ತು ತಿರುವಿಗೆ ಎಂಟರ ಆಕಾರದ, ಎರಡು ಬಾಯಿಯ ಕ್ಯಾಲಿಪರ್ ಬೇಕು. ಒಂದು ಬಾಯಿ ಮರವನ್ನು ಕಚ್ಚಿದಾಗ ಇನ್ನೊಂದು ಬಾಯಿ ಅಷ್ಟೇ ಅಗಲಕ್ಕೆ ತೆರೆದು ಹೊರಗೆ ತೋರಿಸುತ್ತದೆ. ಲೇತ್ ಸಂಪೂರ್ಣ ನಿಂತ ಮೇಲೆ ಮಾತ್ರ ಅಳೆಯಿರಿ. ಇದರ ಜೊತೆಗೆ ಬೆರಳಿನಿಂದ ತಟ್ಟಿ ಕೇಳುವ ಅಭ್ಯಾಸ ಇರಲಿ. ಅಂಚಿನಿಂದ ಕೆಳಗೆ ತಟ್ಟುತ್ತ ಬಂದಾಗ ದನಿ ಎಲ್ಲಿ ಒಮ್ಮೆಲೇ ಬದಲಾಗುತ್ತದೆಯೋ ಅಲ್ಲಿ ದಪ್ಪವೂ ಬದಲಾಗಿದೆ. ವೀಣೆಗೂ ಮೃದಂಗಕ್ಕೂ ಆರಿಸುವ ಮರ ಹಲಸು, ಅದು ಈ ಭೇದವನ್ನು ಬಹಳ ಸ್ಪಷ್ಟವಾಗಿ ಹೇಳುತ್ತದೆ.

ಕಡೆಯುವ ಕ್ರಮವೂ ದಪ್ಪವನ್ನು ನಿರ್ಧರಿಸುತ್ತದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಎಳೆಗಳು ಹಲಗೆಯಲ್ಲಿರುವಂತೆ ಅಡ್ಡಲಾಗಿ ಮಲಗಿರುವ ಬಟ್ಟಲಿನಲ್ಲಿ ಹೊರಗೆ ಪಾದದಿಂದ ಅಂಚಿನ ಕಡೆಗೆ, ಒಳಗೆ ಅಂಚಿನಿಂದ ನಡುವಿನ ಕಡೆಗೆ ಉಳಿ ಸಾಗಬೇಕು. ಆಗ ಎಳೆಗಳು ಕೆಳಗಿನ ಎಳೆಗಳ ಆಸರೆಯಲ್ಲಿ ಕತ್ತರಿಸುತ್ತವೆ, ಕೀಳುವುದಿಲ್ಲ. ಒಳಗೆ ಮುಗಿಸುವ ಕಡಿತದಲ್ಲಿ ಅಂಚಿನಿಂದ ಒಂದೂವರೆ ಅಂಗುಲದಷ್ಟನ್ನು ಕೊನೆಯ ದಪ್ಪಕ್ಕೆ ತಂದು ಮುಗಿಸಿ, ಆಮೇಲೆ ಮುಂದಿನ ಒಂದೂವರೆ ಅಂಗುಲಕ್ಕೆ ಇಳಿಯಿರಿ. ಮೇಲೆ ಮುಗಿಸಿದ ಭಾಗಕ್ಕೆ ಮತ್ತೆ ಹೋಗಬೇಡಿ. ಒಂದು ಹಲಗೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಿಗಿತನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಳದ ಮರವನ್ನು ತೆಗೆದ ಮೇಲೆ ತೆಳುವಾದ ಅಂಚಿಗೆ ಆಸರೆ ಇರುವುದಿಲ್ಲ, ಒಣಮರವಾದರೂ ಒಳಗಿನ ಬಿಗಿ ಸಡಿಲಿ ತುಸು ಸೊಟ್ಟಗಾಗಿರುತ್ತದೆ, ಉಳಿ ಅಲ್ಲಿಗೆ ಮುಟ್ಟಿದರೆ ಒಂದು ಕಡೆ ಕಚ್ಚಿ ಒಂದು ಕಡೆ ಬಿಡುತ್ತದೆ. ಹತ್ತು ಅಂಗುಲದ ಬಟ್ಟಲಿಗೆ ನಿಮಿಷಕ್ಕೆ 600ರಿಂದ 900 ಸುತ್ತು ಸಾಕು. ಒರಟು ಕಡೆತಕ್ಕೆ ಕೆಳಗಿನ ಅಂಕಿ. ಮುಖಕ್ಕೆ ಶೀಲ್ಡ್ ಇಲ್ಲದೆ ಲೇತ್ ಚಾಲೂ ಮಾಡಬೇಡಿ.

ಪೂರ್ತಿ ಒಂದೇ ದಪ್ಪ ಇರಬೇಕೇ ಎಂದು ಕೇಳಿದ್ದೀರಿ. ಇಲ್ಲಿ ನನ್ನ ಅಭಿಪ್ರಾಯ ಮೇಲಿನವರದಕ್ಕಿಂತ ಸ್ವಲ್ಪ ಭಿನ್ನ. ಒಣಗಲು ಇಡುವ ಒರಟು ಬಟ್ಟಲಿಗೆ ಸಮದಪ್ಪ ಕಡ್ಡಾಯ, ಅದರಲ್ಲಿ ಎರಡು ಮಾತಿಲ್ಲ. ಮುಗಿಸಿದ ಅಡುಗೆಮನೆಯ ಬಟ್ಟಲಿಗೆ ಮಾತ್ರ ಅಂಚಿನ ಕೆಳಗೆ 8 ಮಿ.ಮೀ.ನಿಂದ ಹೊರಟು ತಳದಲ್ಲಿ 10 ಅಥವಾ 11 ಮಿ.ಮೀ.ಗೆ ನಿಧಾನವಾಗಿ ಏರುವ ದಪ್ಪವನ್ನು ನಾನು ಬಯಸುತ್ತೇನೆ. ಭಾರ ಕೆಳಗಿದ್ದರೆ ಕಲಸುವಾಗ ಬಟ್ಟಲು ಕದಲುವುದಿಲ್ಲ, ಮುಂದೆ ತಳ ಸವೆದರೆ ಮತ್ತೊಮ್ಮೆ ಉಜ್ಜಲು ಮರ ಇರುತ್ತದೆ. ಏರಿಕೆ ಹಂತಹಂತವಾಗಿ ಇರಬೇಕು, ತಿರುವಿನಲ್ಲಿ ಗುಡ್ಡೆಯಾಗಬಾರದು, ಅಷ್ಟೆ. ಅರ್ಧಗೋಳದ ಆಕಾರದ 250 ಮಿ.ಮೀ. ಬಟ್ಟಲಿಗೆ, ಮರದ ಸಾಂದ್ರತೆ ಘನ ಮೀಟರಿಗೆ 600 ಕಿಲೋ ಎಂದು ಹಿಡಿದರೆ, 6 ಮಿ.ಮೀ. ಮೈದಪ್ಪದಲ್ಲಿ ತೂಕ ಸುಮಾರು 340 ಗ್ರಾಂ, 10 ಮಿ.ಮೀ. ದಪ್ಪದಲ್ಲಿ ಸುಮಾರು 540 ಗ್ರಾಂ. ಆ 200 ಗ್ರಾಂ ವ್ಯತ್ಯಾಸ ಕೈಗೆ ಹೊರೆಯಲ್ಲ, ಬಟ್ಟಲಿನ ಆಯುಸ್ಸಿಗೆ ಬಲ.

ಮಲೆನಾಡಿನ ಹಳೆಯ ಮನೆಗಳ ಉಪ್ಪಿನ ಮರಿಗೆಯನ್ನು ನೆನಪಿಸಿಕೊಳ್ಳಿ. ಬಾಚಿಯಿಂದ ಕೆತ್ತಿದ ಅದರ ಮೈ ನಮ್ಮ ಬಟ್ಟಲುಗಳಿಗಿಂತ ಎಷ್ಟೋ ದಪ್ಪ, ಆದರೂ ಅದು ಸೀಳದೆ ಉಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮರಕ್ಕೆ ಒಮ್ಮೆಲೇ ಒಣಗುವ ಪ್ರಸಂಗ ಬರುವುದಿಲ್ಲ. ಕೋಸಂಬರಿಯ ಬಟ್ಟಲಿನ ಬದುಕು ಬೇರೆ: ಅದು ಬೆಳಿಗ್ಗೆ ನೀರು ಕಂಡು ಮಧ್ಯಾಹ್ನ ಬಿಸಿಲು ಕಾಣುತ್ತದೆ. 5 ಮಿ.ಮೀ.ಗಿಂತ ತೆಳುವಾದರೆ ತೊಳೆದ ಒಂದು ಮೈ ಹಿಗ್ಗಿ ಇನ್ನೊಂದು ಮೈ ಹಾಗೆಯೇ ಉಳಿದು ಬೇಗ ಸೊಟ್ಟಗಾಗುತ್ತದೆ, 15 ಮಿ.ಮೀ. ಇದ್ದರೆ ಒಳಗೆ ಸೇರಿದ ತೇವ ಹೊರಬರಲು ತಡವಾಗಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮ ಅಡುಗೆಮನೆಗಳಿಗೆ 8ರಿಂದ 11 ಮಿ.ಮೀ. ಎಂದು ನಾನು ಹೇಳುವುದು ಈ ಎರಡನ್ನೂ ನೋಡಿ.

ಕಂಬಸಾಲು (ಹಾಸನ)

ಬಾಚಿ-ಉಳಿ ಅವರ ಮಾತನ್ನು ಬಳಕೆಯ ಬಟ್ಟಲಿನ ಮಟ್ಟಿಗೆ ಒಪ್ಪುತ್ತೇನೆ. ಒಂದು ಎಚ್ಚರಿಕೆ ಮಾತ್ರ: ತಳ ದಪ್ಪವಿರಲಿ ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಂಡವರು ಒಳಗಿನ ಬಾಗನ್ನು ಹೊರಗಿನ ಬಾಗಿನಿಂದ ಬೇರೆಯೇ ಆಗಿ ಎಳೆಯುವ ಸಂಭವ ಹೆಚ್ಚು. ಒಳಗೆ ಕೈಯಾಡಿಸಿದಾಗ ಅಂಚಿನಿಂದ ನಡುತಳದವರೆಗೆ ತಡೆಯಿಲ್ಲದ ಒಂದೇ ರೇಖೆ ಸಿಗಬೇಕು. ಸಿಲ್ವರ್ ಓಕ್ ಬಳಸುವುದರಿಂದ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಆ ಮರದ ನಡುವಿನಿಂದ ತೊಗಟೆಯ ಕಡೆಗೆ ಹರಡುವ ಅಗಲವಾದ ಪಟ್ಟಿಗಳು (ಕಿರಣಗಳು), ನಡುವಿನಿಂದ ತೊಗಟೆಗೆ ಸೀಳಿದ ಮೈಯಲ್ಲಿ ಜಾಲರಿಯಂತೆ ಕಾಣುತ್ತವೆ, ಬೇರೆ ಮೈಯಲ್ಲಿ ಗೆರೆಗಳಾಗುತ್ತವೆ. ಬಾಗು ಸರಾಗವಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಆ ವಿನ್ಯಾಸ ಹರಿದು ಹೋಗುತ್ತದೆ, ಬಾಗಿನಲ್ಲಿ ಚಪ್ಪಟೆ ಇದ್ದರೆ ವಿನ್ಯಾಸವೂ ಅಲ್ಲಿ ಮುರಿಯುತ್ತದೆ.

ಚೇಗು (ಚಿಕ್ಕಮಗಳೂರು)

ಎರಡನೆಯ ಸಲ ಏರಿಸುವ ಬಗ್ಗೆ ಬರೆಯುವುದು ಉಳಿದಿತ್ತು. ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿದಾಗ ಚಕ್ ಹಿಡಿಯುವ ಮುಟ್ಟೂ ಹಾಗೆಯೇ ತಿರುಗಿರುತ್ತದೆ. ಆದ್ದರಿಂದ ಒರಟು ಕಡೆತದಲ್ಲಿ ಆ ಮುಟ್ಟನ್ನು ಜಾ ಹಿಡಿಯುವ ಅಳತೆಗಿಂತ 8ರಿಂದ 10 ಮಿ.ಮೀ. ಅಗಲವಾಗಿ ಬಿಟ್ಟಿರಿ. ಒಣಗಿದ ಮೇಲೆ ಬಟ್ಟಲನ್ನು ಬೋರಲಾಗಿ ಒಂದು ಮರದ ಗುಂಡಿನ ಮೇಲೆ ಕೂರಿಸಿ, ಲೇತ್‌ನ ಎದುರು ತುದಿಯ ಟೇಲ್‌ಸ್ಟಾಕ್‌ನಿಂದ ಒತ್ತಿಹಿಡಿದು, ಮುಟ್ಟನ್ನು ಮೊದಲು ದುಂಡಗೆ ಮಾಡಿ, ಆಮೇಲೆ ಚಕ್‌ಗೆ ಕೊಡಿ. ಮುಟ್ಟಿನ ಉದ್ದ 6ರಿಂದ 8 ಮಿ.ಮೀ. ಸಾಕು, ಆದರೆ ಅದರ ತುದಿ ಚಕ್‌ನ ತಳಕ್ಕೆ ತಾಗಬಾರದು; ಜಾಗಳ ಮೇಲ್ಮೈಗೆ ಬಟ್ಟಲಿನ ಭುಜ ಒರಗಿ ನಿಂತಾಗಲೇ ಹಿಡಿತ ಭದ್ರ. ಹೊರಮೈಯನ್ನು ತೆಗೆಯುವಾಗ ಎಳೆಯ ಎರಡು ತುದಿಗಳು ಮಾತ್ರ ಮೊದಲು ಉಳಿಗೆ ಸಿಗುತ್ತವೆ, ಹಾಗಾಗಿ ಆರಂಭದಲ್ಲಿ ತೆಳುವಾದ ಕಡಿತಗಳಿರಲಿ.

ಹಲಸಿನ ಬಟ್ಟಲನ್ನು ಒಣಗಿಸುವಾಗ ಎಳೆಗಳ ಕತ್ತರಿಸಿದ ತುದಿ ಕಾಣುವ ಎರಡು ಪಕ್ಕಗಳಿಗೆ ಒಳಗೂ ಹೊರಗೂ ಮೇಣ ಬಳಿದು, ಗಾಳಿ ನೇರವಾಗಿ ಬೀಸದ ಕೋಣೆಯಲ್ಲಿ ಬೋರಲಾಗಿಡಿ. ಗೋಣಿಚೀಲದಲ್ಲಿ ಮರದ ಹೊಟ್ಟಿನೊಡನೆ ಮುಚ್ಚಿಡುವ ಪದ್ಧತಿ ಒಣಸೀಮೆಗೆ ಒಳ್ಳೆಯದು, ಸಕಲೇಶಪುರದ ಮಳೆಯಲ್ಲಿ ಅದರಿಂದ ಬೂಷ್ಟು ಬರುತ್ತದೆ.

ಮುಗಿಸಿದ ಬಟ್ಟಲಿಗೆ ಜೇನುಮೇಣವನ್ನು ಆಹಾರದರ್ಜೆಯ ಮಿನರಲ್ ಎಣ್ಣೆಯಲ್ಲಿ ಕರಗಿಸಿ ಹಚ್ಚಬಹುದು. ಬಣ್ಣದಂಗಡಿಯ ಬಾಯಿಲ್ಡ್ ಲಿನ್‌ಸೀಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ, ತಿನ್ನುವ ಬಟ್ಟಲಿಗೆ ಅದು ಬೇಡ. ಕೊನೆಯಲ್ಲಿ ಮುಟ್ಟನ್ನು ಕಡೆದು ತೆಗೆಯುವಾಗ ಪಾದದ ಅಡಿಯನ್ನು ಪೂರ್ತಿ ಮಟ್ಟ ಮಾಡದೆ ನಡುವಿನಲ್ಲಿ 1ರಿಂದ 2 ಮಿ.ಮೀ. ಒಳಸರಿಸಿ, ಮಳೆಗಾಲದಲ್ಲಿ ತಳ ತುಸು ಉಬ್ಬಿದರೂ ಬಟ್ಟಲು ಪಾದದ ಬಳೆಯ ಮೇಲೆಯೇ ಕುಳಿತಿರುತ್ತದೆ, ತೊಟ್ಟಿಲಾಡುವುದಿಲ್ಲ. ಬಾಚಿ-ಉಳಿ ಅವರ ಲೆಕ್ಕದ 10 ಮಿ.ಮೀ. ತಳದಿಂದ ಈ 2 ಮಿ.ಮೀ. ಕಳೆಯುತ್ತದೆ ಎಂಬುದನ್ನು ಡ್ರಿಲ್ ಬಿಟ್‌ಗೆ ಟೇಪ್ ಸುತ್ತುವಾಗಲೇ ಗಮನಿಸಿ.